80 ಎಚ್‌ಪಿ ತೆಗೆದು 100 ಎಚ್‌ಪಿ ಹಾಕಿದರೆ ವಿಮಾನದ ವೇಗ ಎಷ್ಟು ಹೆಚ್ಚುತ್ತೆ?

ಓದುಗರ ಪ್ರಶ್ನೆ: ಕಿಟ್ ತರಿಸಿ ಮನೆಯಲ್ಲೇ ಎರಡು ಸೀಟಿನ ವಿಮಾನ ಕಟ್ಟುವವರ ವಿಡಿಯೋಗಳನ್ನು ನೋಡುತ್ತಿರುತ್ತೇನೆ. ಮೊದಲ ಹಾರಾಟ ಮುಗಿದ ಕೂಡಲೇ ಅವರೆಲ್ಲ ಒಂದೊಂದೇ ಬದಲಾವಣೆ ಶುರು ಮಾಡುತ್ತಾರೆ. 80 ಎಚ್‌ಪಿ ಎಂಜಿನ್ ಬದಲು 100 ಎಚ್‌ಪಿ ಹಾಕಿದರೆ ವೇಗವೂ ಕಾಲು ಪಾಲು ಜಾಸ್ತಿ ಆಗಬೇಕಲ್ವಾ? ಇದನ್ನೆಲ್ಲ ನಮ್ಮ ಮಂಗಳೂರಿನಲ್ಲಿ ಮಾಡಬಹುದಾ? (ಸುರತ್ಕಲ್‌ನಿಂದ ಒಬ್ಬ ಓದುಗರು)

ಉತ್ತರ: ಇಲ್ಲ, ಕಾಲು ಪಾಲು ಆಗುವುದಿಲ್ಲ. ಅದರ ಮೂರನೇ ಒಂದು ಭಾಗವೂ ಸಿಕ್ಕುವುದು ಕಷ್ಟ.

ವೇಗ ಎರಡು ಪಟ್ಟಾದರೆ ಗಾಳಿಯ ಎಳೆತ ನಾಲ್ಕು ಪಟ್ಟಾಗುತ್ತದೆ. ಆ ಎಳೆತವನ್ನು ಎರಡು ಪಟ್ಟು ವೇಗದಲ್ಲಿ ತಳ್ಳಿಕೊಂಡು ಹೋಗಬೇಕು. ಹಾಗಾಗಿ ಬೇಕಾಗುವ ಶಕ್ತಿ ಎಂಟು ಪಟ್ಟು. ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಶಕ್ತಿ ಶೇ 25ರಷ್ಟು ಹೆಚ್ಚಿದರೆ ವೇಗ ಹೆಚ್ಚುವುದು ಸುಮಾರು ಶೇ 8 ಮಾತ್ರ. ಗಂಟೆಗೆ 160 ಕಿ.ಮೀ. ಹೋಗುತ್ತಿದ್ದ ವಿಮಾನ 172 ಹೋಗಬಹುದು. ಮಂಗಳೂರಿನಿಂದ ಉಡುಪಿಯಷ್ಟು ದೂರ ಹಾರುವವರಿಗೆ ಉಳಿಯುವುದು ಒಂದೆರಡು ನಿಮಿಷ. ಇಷ್ಟಕ್ಕೆ ಲಕ್ಷಗಟ್ಟಲೆ ಖರ್ಚು ಮಾಡಬೇಕಾ ಅಂತ ನೀವೇ ಯೋಚಿಸಿ.

ಹಾಗಾದರೆ ದೊಡ್ಡ ಎಂಜಿನ್ ಹಾಕುವವರೆಲ್ಲ ದಡ್ಡರಾ? ಅಲ್ಲ. ಅವರಿಗೆ ಸಿಗುವುದು ಬೇರೆಯದೇ ಲಾಭ: ಮೇಲೇರುವ ತಾಕತ್ತು. ಮಟ್ಟವಾಗಿ ಹಾರಲು ಬೇಕಾದ ಶಕ್ತಿ ಕಳೆದು ಎಷ್ಟು ಉಳಿಯುತ್ತದೋ, ವಿಮಾನ ಮೇಲೇರುವುದು ಅದರಿಂದ. 80 ಎಚ್‌ಪಿಯಲ್ಲಿ ಪ್ರೊಪೆಲರ್ ನಿಜಕ್ಕೂ ಕೆಲಸಕ್ಕೆ ಹಚ್ಚುವುದು 56 ಅಂದುಕೊಳ್ಳಿ. ನಿಧಾನವಾಗಿ ಮಟ್ಟಕ್ಕೆ ಹಾರಲು 30 ಖರ್ಚಾದರೆ ಉಳಿದದ್ದು 26. 100 ಎಚ್‌ಪಿಯಲ್ಲಿ ಇದೇ ಲೆಕ್ಕ 70ರಲ್ಲಿ 30 ಕಳೆದು 40. ಅಂದರೆ ಏರುವ ವೇಗ ಒಂದೂವರೆ ಪಟ್ಟು! ರನ್‌ವೇಯ ತುದಿಯಲ್ಲಿ ತೆಂಗಿನ ಮರಗಳಿದ್ದರೆ ಇದರ ಬೆಲೆ ತಕ್ಷಣ ಗೊತ್ತಾಗುತ್ತದೆ.

ನಮ್ಮ ಕರಾವಳಿಗೆ ಇದು ಇನ್ನೂ ಮುಖ್ಯ. ವಿಮಾನದ ಕೈಪಿಡಿಯಲ್ಲಿ ಬರೆದಿರುವ ಅಂಕಿಗಳೆಲ್ಲ ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಹಾಕಿದವು. ಮಂಗಳೂರಿನಲ್ಲಿ 15 ಡಿಗ್ರಿ ಯಾರು ಕಂಡಿದ್ದಾರೆ ಮಾರಾಯ್ರೆ? ಮೇ ತಿಂಗಳ 34 ಡಿಗ್ರಿಯಲ್ಲಿ ಗಾಳಿ ಶೇ 6ರಷ್ಟು ತೆಳುವಾಗಿರುತ್ತದೆ. ರೆಕ್ಕೆಗೂ ಎಂಜಿನ್‌ಗೂ ತಾವು 2,000 ಅಡಿಗಿಂತ ಮೇಲಿದ್ದೇವೆ ಅನ್ನಿಸುತ್ತದೆ. ಸಾಲದ್ದಕ್ಕೆ ಸೆಕೆ ಬೇರೆ. ಸೆಕೆಯ ಗಾಳಿ ಭಾರ ಅಂತ ನಮಗೆ ಅನ್ನಿಸಿದರೂ, ತೇವ ತುಂಬಿದ ಗಾಳಿ ಒಣ ಗಾಳಿಗಿಂತ ಹಗುರ. ಇನ್ನು ಇಲ್ಲಿ ಸರಿಯಾಗಿ ಹಾರಿದ ವಿಮಾನವನ್ನು ಬೆಂಗಳೂರಿನ ಜಕ್ಕೂರು ಏರೋಡ್ರೋಮಿಗೆ ಒಯ್ದರೆ ಕಥೆ ಇನ್ನೂ ಬಿಗಿ. ಅದು ಮೊದಲೇ 3,000 ಅಡಿ ಎತ್ತರದಲ್ಲಿದೆ. ಅಲ್ಲಿ 30 ಡಿಗ್ರಿ ಬಿಸಿಲಿದ್ದರೆ ವಿಮಾನ 5,500 ಅಡಿಯಲ್ಲಿರುವ ಹಾಗೆ ವರ್ತಿಸುತ್ತದೆ.

ಆದರೆ ಎಂಜಿನ್ ಮಾತಿಗೆ ಮೊದಲು ಪ್ರೊಪೆಲರ್ ನೋಡಬೇಕು. ಸಣ್ಣ ವಿಮಾನಗಳಲ್ಲಿ ತುಂಬ ಕಾಣುವ ರೋಟಾಕ್ಸ್ 912 ಎಂಜಿನ್‌ಗೆ 5,800 ಆರ್‌ಪಿಎಂ ಮಿತಿ, ಅದೂ ಐದೇ ನಿಮಿಷ. ಆಮೇಲೆ 5,500. ಪ್ರೊಪೆಲರ್‌ನ ಅಲಗು ಜಾಸ್ತಿ ಓರೆಯಾಗಿದ್ದರೆ ಟೇಕಾಫ್‌ನಲ್ಲಿ ಎಂಜಿನ್ ಆ ಸುತ್ತು ಮುಟ್ಟುವುದೇ ಇಲ್ಲ. ಕೊಟ್ಟ ದುಡ್ಡಿನ ಎಚ್‌ಪಿ ಒಳಗೇ ಉಳಿಯಿತು. ಓರೆ ಕಮ್ಮಿಯಾದರೆ ಸರ‍್ರನೆ ಏರುತ್ತದೆ, ಆದರೆ ಮಟ್ಟವಾಗಿ ಹಾರುವಾಗ ಎಂಜಿನ್ ಮಿತಿ ದಾಟಿ ಕಿರುಚುತ್ತದೆ. ನೆಲದಲ್ಲೇ ಓರೆ ಬದಲಾಯಿಸುವ ಪ್ರೊಪೆಲರ್ ಇದ್ದರೆ ಅರ್ಧರ್ಧ ಡಿಗ್ರಿ ತಿರುಗಿಸಿ ನೋಡಬಹುದು. ಖರ್ಚು ಸ್ವಲ್ಪ, ಫಲ ಜಾಸ್ತಿ. ನನ್ನ ಮಟ್ಟಿಗೆ ಮೊದಲು ಮಾಡಬೇಕಾದ ಬದಲಾವಣೆ ಇದೇ.

ವೇಗವೇ ಬೇಕು ಅನ್ನುವವರು ಎಳೆತ ಕಮ್ಮಿ ಮಾಡಬೇಕು. ರೆಕ್ಕೆಗೆ ಆಸರೆಯಾಗಿರುವ ದುಂಡು ಕೊಳವೆಯನ್ನೇ ನೋಡಿ. ಅದೇ ದಪ್ಪಕ್ಕೆ ಮೀನಿನ ಮೈಯ ಆಕಾರ ಕೊಟ್ಟರೆ ಎಳೆತ ಸುಮಾರು ಹತ್ತನೇ ಒಂದಕ್ಕೆ ಇಳಿಯುತ್ತದೆ. ಚಕ್ರಕ್ಕೆ ಮುಚ್ಚಿಗೆ, ರೆಕ್ಕೆ ಮತ್ತು ಮೈ ಸೇರುವ ಮೂಲೆಗೆ ನಯವಾದ ಹೊದಿಕೆ, ಎಂಜಿನ್ ತಂಪಾಗಿಸುವ ಗಾಳಿ ಹೊರಹೋಗುವ ಬಾಯಿಯ ಅಳತೆ, ಇವೆಲ್ಲ ಸೇರಿದರೆ 20 ಎಚ್‌ಪಿಗಿಂತ ಜಾಸ್ತಿ ಲಾಭ ಸಿಗುವುದುಂಟು. ಹುಲ್ಲಿನ ರನ್‌ವೇಯಲ್ಲಿ ಮಳೆಗಾಲಕ್ಕೆ ಚಕ್ರದ ಮುಚ್ಚಿಗೆ ಬಿಚ್ಚಿಡಿ, ಒಳಗೆ ಕೆಸರು ಕಚ್ಚಿಕೊಳ್ಳುತ್ತದೆ.

ವೇಗ ಹೆಚ್ಚಿತು ಅಂತ ಹೇಳುವುದಕ್ಕೂ ಒಂದು ಕ್ರಮ ಇದೆ. ಮನೆಯಲ್ಲಿ ಕಟ್ಟಿದ ವಿಮಾನದ ಸ್ಪೀಡ್ ಮೀಟರ್ ಸುಳ್ಳು ಹೇಳುವುದು ಮಾಮೂಲು, ಗಾಳಿಯ ಒತ್ತಡ ಅಳೆಯುವ ತೂತು ಸರಿ ಜಾಗದಲ್ಲಿ ಇರುವುದಿಲ್ಲ. ಜಿಪಿಎಸ್ ತೋರಿಸುವುದು ನೆಲದ ಮೇಲಿನ ವೇಗ. ಮಧ್ಯಾಹ್ನ ಪಡುಗಾಳಿ ಬೀಸುವಾಗ ಕಾಪು ದೀಪಸ್ತಂಭದಿಂದ ಒಳನಾಡಿನ ಕಡೆಗೆ ಹಾರಿ ಜಿಪಿಎಸ್ ನೋಡಿದರೆ ಯಾವ ವಿಮಾನವೂ ಜೋರು ಕಾಣುತ್ತದೆ! ಒಂದೇ ಎತ್ತರದಲ್ಲಿ ನಾಲ್ಕು ದಿಕ್ಕಿಗೂ ಹಾರಿ ಸರಾಸರಿ ತೆಗೆಯಬೇಕು. ಬೆಳಿಗ್ಗೆ ಬೇಗ, ಗಾಳಿ ಏಳುವ ಮೊದಲು.

ಈಗ ಮೊದಲ ಹಾರಾಟಕ್ಕೆ ಬರೋಣ. ವಿಡಿಯೋದಲ್ಲಿ ಕಾಣುವುದು ಚಪ್ಪಾಳೆ ಮಾತ್ರ. ಅದಕ್ಕೆ ಮುಂಚೆ ಮೂರು ಚಕ್ರವನ್ನೂ ತಕ್ಕಡಿ ಮೇಲಿಟ್ಟು ತೂಗಿ, ಭಾರದ ಮಧ್ಯಬಿಂದು ಮಿತಿಯೊಳಗಿದೆಯಾ ಅಂತ ನೋಡಿರುತ್ತಾರೆ. ಪೆಟ್ರೋಲ್ ಪೈಪ್ ಬಿಚ್ಚಿ, ಮೂತಿ ಮೇಲೆತ್ತಿದ ಸ್ಥಿತಿಯಲ್ಲಿ ಎಷ್ಟು ಹರಿಯುತ್ತದೆ ಅಂತ ಅಳೆದಿರುತ್ತಾರೆ. ಪಂಪ್ ಇಲ್ಲದೆ ಇಳಿದು ಬರುವ ವ್ಯವಸ್ಥೆಯಾದರೆ, ಟೇಕಾಫ್‌ಗೆ ಬೇಕಾದದ್ದರ ಒಂದೂವರೆ ಪಟ್ಟು ಹರಿಯಬೇಕು. ಪೈಲಟ್ ಹಿಡಿಯುವ ಕಡ್ಡಿಯನ್ನು ಎಡಕ್ಕೆ ತಳ್ಳಿದರೆ ಎಡ ರೆಕ್ಕೆಯ ಏಲರಾನ್ (ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ) ಮೇಲೇಳಬೇಕು. ಇದು ಉಲ್ಟಾ ಜೋಡಿಸಿದ್ದರಿಂದಲೇ ಜೀವ ಹೋದದ್ದುಂಟು. ಆಮೇಲೆ ಒಬ್ಬರೇ ಹತ್ತಿ, ರನ್‌ವೇಯ ಮೇಲೆಯೇ ಸುತ್ತುತ್ತ ಏರಿ, ಎತ್ತರದಲ್ಲಿ ನಿಧಾನವಾಗಿ ಹಾರಿ ನೋಡಿ, ಇಳಿಯುತ್ತಾರೆ. ಅಮೆರಿಕದಲ್ಲಿ ಆ ಮೇಲೂ ಸಾಮಾನ್ಯವಾಗಿ 25 ಅಥವಾ 40 ಗಂಟೆ ಪರೀಕ್ಷೆಯ ಹಾರಾಟ ಮುಗಿಯುವವರೆಗೆ ಸುಮ್ನೆ ಜೊತೆಗೆ ಬರುವವರನ್ನು ಕೂರಿಸುವ ಹಾಗಿಲ್ಲ.

ಎಂಜಿನ್ ಬದಲಾಯಿಸಿದರೆ? ಮತ್ತೆ ಮೊದಲಿನಿಂದ. ತೂಕ ಬೇರೆ, ಮಧ್ಯಬಿಂದು ಬೇರೆ, ಪೆಟ್ರೋಲಿನ ಹರಿವು ಬೇರೆ, ಬಿಸಿಯಾಗುವ ರೀತಿ ಬೇರೆ. ಅಮೆರಿಕದ ನಿಯಮದಲ್ಲೂ ದೊಡ್ಡ ಬದಲಾವಣೆ ಆದರೆ ಕನಿಷ್ಠ 5 ಗಂಟೆ ಮತ್ತೆ ಪರೀಕ್ಷೆ. ಒಂದು ಮಾತ್ರ ಬದಲಾಗುವುದಿಲ್ಲ: ವಿನ್ಯಾಸಕರು ಹಾಕಿದ ಗರಿಷ್ಠ ವೇಗದ ಮಿತಿ. ಅದನ್ನು ದಾಟಿದರೆ ರೆಕ್ಕೆಯೋ ಬಾಲವೋ ಪತರಗುಟ್ಟಲು ಶುರುವಾಗಿ ಕೆಲವೇ ಕ್ಷಣಗಳಲ್ಲಿ ಮುರಿಯಬಹುದು. ಏಲರಾನ್ ಹಿಂಬದಿಗೆ ದಪ್ಪಕ್ಕೆ ಪೇಂಟ್ ಬಳಿದರೂ ಸಮತೋಲ ತಪ್ಪಿ ಈ ಅಪಾಯ ಬರುತ್ತದೆ.

ನಮ್ಮ ಊರಿನ ವಿಷಯ. ಭಾರತದಲ್ಲಿ ನಾಗರಿಕ ವಿಮಾನಯಾನದ ಮೇಲುಸ್ತುವಾರಿ ನೋಡುವ ಡಿಜಿಸಿಎಯಲ್ಲಿ ನೋಂದಣಿ ಮಾಡಿಸಿ, ಹಾರಲು ಪರ್ಮಿಟ್ ಪಡೆಯದೆ ಮನೆಯ ವಿಮಾನ ಏರುವಂತಿಲ್ಲ. ಮುಂಬೈಯ ಪೈಲಟ್ ಅಮೋಲ್ ಯಾದವ್ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಆರು ಸೀಟಿನ ವಿಮಾನ ಕಟ್ಟಿದರು. ಅದು ನೋಂದಣಿ ಆದದ್ದು 2017ರಲ್ಲಿ, ಪರ್ಮಿಟ್ ಸಿಕ್ಕಿದ್ದು 2019ರಲ್ಲಿ. ತಾಳ್ಮೆ ಬೇಕು. ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್, ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲಿ ಕಟ್ಟುವವರಿಗೆಂದು ರೂಪಿಸಿದ ಲಾಂಗ್-ಇಝೆಡ್ ವಿನ್ಯಾಸವನ್ನು ಆಧರಿಸಿ 1987ರಲ್ಲಿ ಒಂದು ಸಂಶೋಧನಾ ವಿಮಾನ ಹಾರಿಸಿತ್ತು.

ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣದಲ್ಲಿ 2,450 ಮೀಟರ್ ರನ್‌ವೇ ಇದೆ, ಇಂಥ ವಿಮಾನಕ್ಕೆ ಅದರ ಹತ್ತನೇ ಒಂದು ಭಾಗ ಸಾಕಾದೀತು. ಆದರೂ ಮೊದಲ ಹಾರಾಟಕ್ಕೆ ನಾನು ಅದನ್ನು ಆರಿಸಲಾರೆ. ದೊಡ್ಡ ಜೆಟ್‌ಗಳ ಓಡಾಟ ಒಂದು ಕಡೆ. ಗುಡ್ಡದ ನೆತ್ತಿಯ ಮೇಲಿನ ರನ್‌ವೇ ಅನ್ನುವುದು ಇನ್ನೊಂದು. ಏರಿದ ಕೂಡಲೇ ಎಂಜಿನ್ ನಿಂತರೆ ಎದುರಿಗೆ ಇರುವುದು ಕಣಿವೆ. ಉಡುಪಿಯಲ್ಲಂತೂ ವಿಮಾನ ನಿಲ್ದಾಣವೇ ಇಲ್ಲ. ಕಟ್ಟುವುದನ್ನು ಇಲ್ಲಿ ಮಾಡಿ, ಹಾರಿಸಲು ಸುತ್ತ ಬಯಲಿರುವ ಬೇರೆ ಕಡೆಗೆ ಲಾರಿಯಲ್ಲಿ ಒಯ್ಯುವುದು ಒಳ್ಳೆಯದು.

ಇಲ್ಲೇ ಕಟ್ಟುವವರು ಎರಡು ವಿಷಯ ನೋಡಿಕೊಳ್ಳಿ. ಉಪ್ಪುಗಾಳಿಗೆ ಅಲ್ಯೂಮಿನಿಯಂ ಬೇಗ ಹಾಳಾಗುತ್ತದೆ, ಜೋಡಿಸುವ ಮೊದಲೇ ಒಳಮೈಗೆ ಪ್ರೈಮರ್ ಹಚ್ಚಿ. ಇನ್ನೊಂದು ಪೆಟ್ರೋಲ್. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆಸಿದ ಇ20. ರೋಟಾಕ್ಸ್ 912ಕ್ಕೆ ಕಂಪನಿ ಒಪ್ಪಿರುವುದು ಶೇ 10ರವರೆಗೆ. ಅದು 80 ಎಚ್‌ಪಿ ಆದರೂ ಅಷ್ಟೇ, 100 ಆದರೂ ಅಷ್ಟೇ. ಎಂಜಿನ್ ಆರಿಸುವ ಮೊದಲು ಅದಕ್ಕೆ ಪೆಟ್ರೋಲ್ ಎಲ್ಲಿಂದ ತರುತ್ತೀರಿ ಅಂತ ವಿಚಾರಿಸಿಟ್ಟುಕೊಳ್ಳಿ.