ದುಬೈನಲ್ಲಿ ಟ್ಯಾಕ್ಸೇ ಇಲ್ವಂತೆ, ಹೌದಾ?

ಪ್ರಶ್ನೆ: ಮಾಚೇನಹಳ್ಳಿಯಲ್ಲಿ ಕೆಲಸ ಮಾಡ್ತೀನಿ. ಕಂಪನಿಯವರು ಗಿರಾಕಿಗಳನ್ನು ಭೇಟಿ ಮಾಡೋಕೆ ದುಬೈಗೆ ಕಳಿಸ್ತಿದಾರೆ. ಅಲ್ಲಿ ವ್ಯವಹಾರ ಹೇಗೆ? ಟ್ಯಾಕ್ಸೇ ಇಲ್ಲ ಅಂತಾರಲ್ಲ, ನಿಜಾನಾ?

ಶಿವಮೊಗ್ಗದ ಫೌಂಡ್ರಿ ಹುಡುಗರಿಂದ ಹಿಡಿದು ಅಡಿಕೆ ಮಂಡಿಯವರ ತನಕ ಎಲ್ಲರೂ ಇದನ್ನೇ ಕೇಳುತ್ತಾರೆ. ಎಷ್ಟು ಸಲ ಹೇಳಿದರೂ 'ಟ್ಯಾಕ್ಸ್ ಇಲ್ಲ' ಅನ್ನೋ ಮಾತು ಹೋಗುತ್ತಿಲ್ಲ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಕೊನೆತನಕ ಓದಿ.

ಅಲ್ಲಿ ಇಲ್ಲದೇ ಇರೋದು ಸಂಬಳದಂಥ ವೈಯಕ್ತಿಕ ಆದಾಯದ ಮೇಲಿನ ತೆರಿಗೆ. ಅಷ್ಟೇ. 2018ರ ಜನವರಿಯಿಂದ ದುಬೈ ಇರುವ ದೇಶ ಯುಎಇಯಲ್ಲಿ 5% ವ್ಯಾಟ್ ಇದೆ. ಜಿಎಸ್‌ಟಿ ಬಿಲ್ ನೋಡಿ ಅಭ್ಯಾಸ ಇರುವವರಿಗೆ ಇದು ಹೊಸದಲ್ಲ. ಊಟದ ಬಿಲ್ಲಿನ ತಲೆಯಲ್ಲೇ ಅಂಗಡಿಯ ತೆರಿಗೆ ನಂಬರು ಇರುತ್ತದೆ, ಕೆಳಗೆ ವ್ಯಾಟ್ ಮೊತ್ತ. ಸಿಗರೇಟಿನ ಮೇಲೆ 2017ರಿಂದಲೇ 100% ಸುಂಕ.

ಹೋಟೆಲ್ ಬಿಲ್ ಇನ್ನೂ ಉದ್ದ. ರೂಮಿನ ಬಾಡಿಗೆ, ಅದರ ಮೇಲೆ 10% ಸೇವಾ ಶುಲ್ಕ, 7% ಮುನ್ಸಿಪಾಲಿಟಿ ಶುಲ್ಕ, 5% ವ್ಯಾಟ್. ಇದು ಸಾಲದು ಅಂತ ರಾತ್ರಿಗಿಷ್ಟು ಅಂತ 'ಟೂರಿಸಂ ದಿರ್ಹಮ್' ಅನ್ನೋ ಶುಲ್ಕ ಬೇರೆ (ದಿರ್ಹಮ್ ಅಂದರೆ ಅಲ್ಲಿನ ಹಣ). ನೂರು ದಿರ್ಹಮ್ ಅಂದುಕೊಂಡ ರೂಮು 120 ದಾಟುತ್ತದೆ. ಬುಕ್ ಮಾಡುವಾಗ ಎಲ್ಲ ಸೇರಿಸಿದ ರೇಟಾ ಅಂತ ಕೇಳಿ. ಇಲ್ಲದಿದ್ದರೆ ವಾಪಸ್ ಬಂದು ಅಕೌಂಟ್ಸ್ ಸೆಕ್ಷನ್ನಿಗೆ ಉತ್ತರ ಕೊಡಬೇಕಾದವರು ನೀವೇ.

ಕಂಪನಿಗಳಿಗೂ ತೆರಿಗೆ ಬಂದಿದೆ. 2023ರ ಜೂನ್ 1ರಂದು ಅಥವಾ ಆಮೇಲೆ ಶುರುವಾದ ಲೆಕ್ಕದ ವರ್ಷಗಳಿಂದ, 3,75,000 ದಿರ್ಹಮ್ ಮೀರಿದ ಲಾಭಕ್ಕೆ 9%. ಫ್ರೀ ಜೋನ್ (ವಿಶೇಷ ರಿಯಾಯಿತಿ ಇರುವ ವ್ಯಾಪಾರ ವಲಯ) ಕಂಪನಿಗಳಿಗೆ ಸೊನ್ನೆ ತೆರಿಗೆ ಸಿಗಬಹುದು, ಆದರೆ ಅದಕ್ಕೆ ಷರತ್ತುಗಳಿವೆ. ನಿಮ್ಮ ಗಿರಾಕಿ ರೇಟು ಚೌಕಾಸಿ ಮಾಡುವಾಗ 'ನಿಮಗೇನು ಸ್ವಾಮಿ, ಟ್ಯಾಕ್ಸೇ ಇಲ್ಲ' ಅನ್ನಬೇಡಿ. ಅವರ ಲೆಕ್ಕ ನಿಮಗೆ ಗೊತ್ತಿಲ್ಲ ಅಂತ ಅಲ್ಲೇ ಗೊತ್ತಾಗಿಬಿಡುತ್ತದೆ.

ಇನ್ನು ನಿಮ್ಮ ಸಂಬಳ. ಕೆಲವು ದಿನ ಹೋಗಿ ಬರುವವರ ಸಂಬಳ ಇಲ್ಲೇ ಆಗುತ್ತದೆ, ಟಿಡಿಎಸ್ ಇಲ್ಲೇ ಮುರಿಯುತ್ತದೆ. ಹಣಕಾಸು ವರ್ಷದಲ್ಲಿ 182 ದಿನ ಭಾರತದಲ್ಲಿ ಇದ್ದರೆ ನೀವು ಇಲ್ಲಿನ ನಿವಾಸಿ. ಆಗ ಹೊರಗಿನ ಆದಾಯವನ್ನೂ ಇಲ್ಲಿ ತೋರಿಸಬೇಕು. ದುಬೈ ವಿಮಾನ ಹತ್ತಿದ ಕೂಡಲೇ ತೆರಿಗೆ ಹೋಗಲ್ಲ, ಅಲ್ವಾ?

ಮತ್ತೆ ವ್ಯವಹಾರ ಹೇಗೆ ಅಂದರೆ, ಚೆನ್ನಾಗಿಯೇ ಇದೆ. ಕಚ್ಚಾ ತೈಲ ಹೆಚ್ಚಿರೋದು ಅಬುಧಾಬಿಯಲ್ಲಿ. ದುಬೈ ಬದುಕೋದು ಬಂದರು, ವಿಮಾನ, ವ್ಯಾಪಾರ, ಪ್ರವಾಸಿಗರಿಂದ. ಜೆಬೆಲ್ ಅಲಿ ಫ್ರೀ ಜೋನ್ 1985ರಲ್ಲೇ ಶುರುವಾಯಿತು. ಒಂದು ಡಾಲರಿಗೆ 3.6725 ದಿರ್ಹಮ್ ಅಂತ ದರ ಖಾಯಂ ಮಾಡಿದ್ದಾರೆ, ಹಾಗಾಗಿ ಡಾಲರ್ ರೇಟು ಗೊತ್ತಿದ್ದರೆ ಸಾಕು. 2022ರ ಮೇ 1ರಿಂದ ಭಾರತದ ಜೊತೆ ವ್ಯಾಪಾರ ಒಪ್ಪಂದ ಜಾರಿಯಲ್ಲಿದೆ. ಸುಂಕದ ರಿಯಾಯಿತಿ ಬೇಕಾದರೆ ಮಾಲು ಭಾರತದ್ದೇ ಅನ್ನುವ ಮೂಲ ಪ್ರಮಾಣಪತ್ರ ಬೇಕು. ಮೀಟಿಂಗ್‌ಗಳನ್ನು ಶುಕ್ರವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬೇಡಿ, ಅದು ನಮಾಜಿನ ಹೊತ್ತು. ವಿಸಿಟ್ ವೀಸಾದಲ್ಲಿ ಮಾತುಕತೆ ಮಾಡಬಹುದು, ಅಲ್ಲಿನವರ ಹತ್ತಿರ ಕೆಲಸಕ್ಕೆ ಸೇರುವ ಹಾಗಿಲ್ಲ.

ನೀವು ಕೇಳಲಿಲ್ಲ, ಆದರೂ ಮಲೆನಾಡಿನವರಿಗೆ ಹೇಳದೆ ಇರೋಕಾಗಲ್ಲ. ಚೀಲದಲ್ಲಿ ಎಲೆ ಅಡಿಕೆ ಇಟ್ಟುಕೊಳ್ಳಬೇಡಿ. ದುಬೈ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿ ವೀಳ್ಯದೆಲೆ ಸೇರಿ ಪಾನ್ ಸಾಮಗ್ರಿ ಇದೆ. ಅಲ್ಲಿರೋ ನೆಂಟರಿಗೆ ಅಂತ ಮನೆಯಲ್ಲಿ ಕಟ್ಟಿಕೊಡುವ ಕವಳದ ಸಂಚಿಗೂ ಇದು ಅನ್ವಯ. ಇದಕ್ಕಿಂತ ದೊಡ್ಡ ಅಪಾಯ ಗಸಗಸೆ. ನಮಗೆ ಪಾಯಸದ ಸಾಮಾನು, ಅಲ್ಲಿ ಮಾದಕ ವಸ್ತುವಿನ ಕೇಸು. ಮಸಾಲೆ ಪುಡಿಗೆ ಹುರಿದು ಹಾಕಿದ್ದರೂ ಆ ಡಬ್ಬಿ ಬಿಟ್ಟು ಹೋಗಿ. ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ ಅಥವಾ ಕೆಮ್ಮಿನ ಸಿರಪ್ ತಗೊಳ್ಳುವವರಾದರೆ, ಡಾಕ್ಟರ ಚೀಟಿ ಜೊತೆಗೆ ಅಲ್ಲಿನ ಆರೋಗ್ಯ ಇಲಾಖೆಯ ಒಪ್ಪಿಗೆಯನ್ನು ಹೊರಡುವ ಮೊದಲೇ ಆನ್‌ಲೈನಿನಲ್ಲಿ ಪಡೆದುಕೊಳ್ಳಿ.