ಸ್ಪೈನೊಸಾರಸ್: ನೀರನ್ನೂ ನೆಲವನ್ನೂ ನೆಚ್ಚಿ ಬದುಕಿದ ಬೇಟೆಗಾರ

ಸ್ಪೈನೊಸಾರಸ್ ಎಂಬುದು ಸುಮಾರು 10 ಕೋಟಿಯಿಂದ 9.4 ಕೋಟಿ ವರ್ಷಗಳ ಹಿಂದೆ, ಕ್ರಿಟೇಶಿಯಸ್ ಯುಗದಲ್ಲಿ, ಉತ್ತರ ಆಫ್ರಿಕಾದಲ್ಲಿ ಬದುಕಿದ್ದ ಬೃಹತ್ ಮಾಂಸಾಹಾರಿ ಡೈನೋಸಾರ್. ಅದರ ಹೆಸರಿಗೆ ‘ಮುಳ್ಳುಬೆನ್ನಿನ ಹಲ್ಲಿ’ ಎಂದು ಅರ್ಥ. ಇಂದು ಮರಳು ಹರಡಿರುವ ಸಹಾರಾದ ಈ ಭಾಗಗಳಲ್ಲಿ ಆಗ ಅಗಲವಾದ ನದಿಗಳು, ಜೌಗು ನೆಲ ಮತ್ತು ಕಡಲಂಚಿನ ಹಿನ್ನೀರು ಇದ್ದವು. ಮೂತಿಯಿಂದ ಬಾಲದ ತುದಿಯವರೆಗೆ ಇದು ಸುಮಾರು 14 ಮೀಟರ್ ಉದ್ದವಿತ್ತು ಎಂದು ಅಂದಾಜಿಸಲಾಗಿದೆ. ಹಾಗಾಗಿ ಮಕ್ಕಳ ಪುಸ್ತಕಗಳು ಇದನ್ನು ಸಾಮಾನ್ಯವಾಗಿ ‘ಅತಿ ಉದ್ದದ ಮಾಂಸಾಹಾರಿ ಡೈನೋಸಾರ್’ ಎಂದೇ ಪರಿಚಯಿಸುತ್ತವೆ. ಆದರೆ ಮಕ್ಕಳಿಗೆ ಮೊದಲು ಹೇಳಬೇಕಾದದ್ದು ಅದರ ಅಳತೆಯಲ್ಲ, ಅದು ಮೀನು ಹಿಡಿದು ತಿನ್ನುತ್ತಿತ್ತು ಎಂಬ ಸಂಗತಿ ಎಂದು ನನಗನ್ನಿಸುತ್ತದೆ. ಈ ಒಂದು ಸಂಗತಿ ತಿಳಿದರೆ ಅದರ ಮೂತಿ, ಹಲ್ಲು, ಕಾಲು, ಬಾಲ ಎಲ್ಲವೂ ಹಾಗೇಕೆ ಇದ್ದವು ಎಂಬುದನ್ನು ಮಗು ತಾನೇ ಊಹಿಸಲು ತೊಡಗುತ್ತದೆ.

ಈ ಪ್ರಾಣಿಯನ್ನು ಅರೆ-ಜಲವಾಸಿ ಎಂದು ಕರೆಯುತ್ತಾರೆ. ಬದುಕಿನ ಒಂದು ಭಾಗವನ್ನು ನೀರಿನಲ್ಲಿ ಅಥವಾ ನೀರಿನ ಅಂಚಿನಲ್ಲಿ, ಉಳಿದ ಭಾಗವನ್ನು ನೆಲದ ಮೇಲೆ ಕಳೆಯುವ ಜೀವಿ ಎಂಬುದು ಇದರ ಅರ್ಥ. ಮೊಸಳೆ, ನೀರುನಾಯಿ, ನೀರಾನೆಗಳು ಇಂದಿನ ಉದಾಹರಣೆಗಳು. ಶಾಲೆಯಲ್ಲಿ ಕಪ್ಪೆಯ ಬಗ್ಗೆ ಓದಿದ ಮಕ್ಕಳು ಇದನ್ನೂ ಉಭಯವಾಸಿ ಎಂದುಕೊಳ್ಳುವುದುಂಟು. ಉಭಯವಾಸಿಗಳ ಗುಂಪೇ ಬೇರೆ. ಅವುಗಳಲ್ಲಿ ಬಹುಪಾಲು ನೀರಿನಲ್ಲಿ ಮೊಟ್ಟೆಯಿಟ್ಟು, ಗೊದಮೊಟ್ಟೆಯ ಹಂತವನ್ನು ದಾಟಿ ಬೆಳೆಯುತ್ತವೆ. ಸ್ಪೈನೊಸಾರಸ್ ಶ್ವಾಸಕೋಶದಿಂದ ಉಸಿರಾಡುತ್ತಿದ್ದ ಸರೀಸೃಪ. ಎಷ್ಟು ಹೊತ್ತು ನೀರಿನಲ್ಲಿದ್ದರೂ ಗಾಳಿಗಾಗಿ ಅದು ತಲೆಯೆತ್ತಲೇಬೇಕಿತ್ತು.

ಇದರ ತಲೆಬುರುಡೆಯ ಚಿತ್ರವನ್ನು ಮಗುವಿನ ಮುಂದಿಟ್ಟು ಸ್ವಲ್ಪ ಹೊತ್ತು ನೋಡಲು ಬಿಡುವುದು ಒಳ್ಳೆಯದು. ಮೂತಿ ಉದ್ದವಾಗಿ, ಕಿರಿದಾಗಿ ಮೊಸಳೆಯ ಮೂತಿಯನ್ನು ಹೋಲುತ್ತದೆ. ಅದರ ತುದಿ ತುಸು ಅಗಲವಾಗಿದ್ದು, ಅದರ ಹಿಂದೆ ಮೇಲ್ದವಡೆ ಒಳಕ್ಕೆ ಬಾಗಿದಂತಿದೆ. ಆ ಬಾಗಿನಲ್ಲಿ ಸಿಕ್ಕಿಕೊಂಡ ಬೇಟೆ ಸುಲಭವಾಗಿ ಜಾರಿಹೋಗಲಾರದು. ಮೂಗಿನ ಹೊಳ್ಳೆಗಳು ಮೂತಿಯ ತುದಿಯಲ್ಲಿಲ್ಲ, ಬಹಳ ಹಿಂದೆ, ಕಣ್ಣುಗಳ ಕಡೆಗೆ ಸರಿದಿವೆ. ಆದ್ದರಿಂದ ಬಾಯಿಯ ಮುಂಭಾಗವನ್ನು ನೀರಿನಲ್ಲಿ ಅದ್ದಿಕೊಂಡೇ ಅದು ಉಸಿರಾಡಬಹುದಿತ್ತು. ಮೂತಿಯ ಎಲುಬಿನಲ್ಲಿ ಸಣ್ಣ ಸಣ್ಣ ಕುಳಿಗಳಿವೆ. ಮೊಸಳೆಗಳಲ್ಲೂ ಇಂಥ ಕುಳಿಗಳಿದ್ದು, ನೀರಿನ ಅಲುಗಾಟವನ್ನು ಗ್ರಹಿಸುವ ನರಗಳು ಅವುಗಳ ಮೂಲಕ ಚರ್ಮಕ್ಕೆ ಬರುತ್ತವೆ. ಸ್ಪೈನೊಸಾರಸ್ ಕೂಡ ಕಲಕಿದ ನೀರಿನಲ್ಲಿ ಕಣ್ಣಿಗೆ ಕಾಣದ ಮೀನನ್ನು ಹೀಗೆ ಪತ್ತೆ ಹಚ್ಚುತ್ತಿದ್ದಿರಬಹುದು ಎಂದು ಕೆಲವು ವಿಜ್ಞಾನಿಗಳು ಭಾವಿಸುತ್ತಾರೆ.

ಇನ್ನು ಹಲ್ಲು. ಟಿರಾನೊಸಾರಸ್‌ನಂಥ ಬೇಟೆಗಾರರ ಹಲ್ಲಿನ ಅಂಚಿನಲ್ಲಿ ಗರಗಸದಂತೆ ಸಣ್ಣ ಕಚ್ಚುಗಳಿದ್ದವು. ಅವು ಮಾಂಸವನ್ನು ಸೀಳಲು ನೆರವಾಗುತ್ತಿದ್ದವು. ಸ್ಪೈನೊಸಾರಸ್‌ನ ಹಲ್ಲಾದರೋ ಶಂಕುವಿನಾಕಾರದಲ್ಲಿ ಹೆಚ್ಚು ಬಾಗದೆ ನೇರವಾಗಿತ್ತು; ಮೈಮೇಲೆ ಉದ್ದುದ್ದ ಗೀರುಗಳಿದ್ದರೂ ಅಂಚಿನಲ್ಲಿ ಕಚ್ಚುಗಳಿರಲಿಲ್ಲ. ಕತ್ತರಿಸುವುದಕ್ಕಿಂತ ಚುಚ್ಚಿ ಹಿಡಿಯುವುದಕ್ಕೆ, ಅದರಲ್ಲೂ ಜಾರುವ ಮೈಯ ಬೇಟೆಯನ್ನು ಬಿಡದೆ ಹಿಡಿಯುವುದಕ್ಕೆ ಇಂಥ ಹಲ್ಲು ಸೂಕ್ತ. ಸ್ಪೈನೊಸಾರಸ್‌ನ ಎಲುಬುಗಳು ಸಿಕ್ಕ ಶಿಲಾಸ್ತರಗಳಲ್ಲೇ ಗರಗಸದಂಥ ಮೂತಿಯಿದ್ದ ಆಂಕೊಪ್ರಿಸ್ಟಿಸ್, ಆಳೆತ್ತರಕ್ಕಿಂತ ಉದ್ದ ಬೆಳೆಯುತ್ತಿದ್ದ ಮಾಸೋನಿಯಾ ಮುಂತಾದ ಭಾರಿ ಮೀನುಗಳ ಪಳೆಯುಳಿಕೆಗಳೂ ಸಿಕ್ಕಿವೆ.

ಮೀನು ತಿನ್ನುತ್ತಿತ್ತು ಎಂದ ಮಾತ್ರಕ್ಕೆ ಬೇರೇನನ್ನೂ ಮುಟ್ಟುತ್ತಿರಲಿಲ್ಲ ಎಂದು ತಿಳಿಯಬಾರದು. ಇದರ ಸಂಬಂಧಿಯಾದ ಬ್ಯಾರಿಯೋನಿಕ್ಸ್ 1983ರಲ್ಲಿ ಇಂಗ್ಲೆಂಡಿನಲ್ಲಿ ಸಿಕ್ಕಾಗ, ಅದರ ಹೊಟ್ಟೆಯ ಭಾಗದಲ್ಲಿ ಜೀರ್ಣರಸದಿಂದ ಸವೆದ ಮೀನಿನ ಹುರುಪೆಗಳ ಜೊತೆಗೆ ಎಳೆಯ ಸಸ್ಯಾಹಾರಿ ಡೈನೋಸಾರ್ ಒಂದರ ಎಲುಬುಗಳೂ ಇದ್ದವು. ಬ್ರೆಜಿಲ್‌ನಲ್ಲಿ ಹಾರುವ ಸರೀಸೃಪವೊಂದರ ಕತ್ತಿನ ಎಲುಬಿನಲ್ಲಿ ಇದೇ ಕುಟುಂಬದ ಪ್ರಾಣಿಯ ಹಲ್ಲು ನಾಟಿಕೊಂಡಿರುವುದು ಕಂಡುಬಂದಿದೆ. ಮುಖ್ಯ ಆಹಾರ ಮೀನು, ಸಿಕ್ಕಿದರೆ ಉಳಿದದ್ದೂ ಆಗಬಹುದು ಎಂದು ಹೇಳಿದರೆ ಸತ್ಯಕ್ಕೆ ಹತ್ತಿರವಾಗುತ್ತದೆ.

ಬೆನ್ನಿನ ಮೇಲೆ ಹಡಗಿನ ಹಾಯಿಯಂತೆ ಎದ್ದು ನಿಂತಿದ್ದ ಭಾಗವೇ ಮಕ್ಕಳ ಕಣ್ಣಿಗೆ ಮೊದಲು ಬೀಳುವುದು. ಬೆನ್ನುಮೂಳೆಯ ಒಂದೊಂದು ಮಣಿಯಿಂದಲೂ ಮೇಲಕ್ಕೆ ಚಾಚಿಕೊಂಡಿದ್ದ ಎಲುಬಿನ ಕಡ್ಡಿಗಳು ಅದಕ್ಕೆ ಆಸರೆಯಾಗಿದ್ದವು. ಅವುಗಳಲ್ಲಿ ಅತಿ ಉದ್ದನೆಯದು ಸುಮಾರು 1.65 ಮೀಟರ್ ಇತ್ತು, ಅಂದರೆ ವಯಸ್ಕ ಮನುಷ್ಯನಷ್ಟು ಎತ್ತರ. ದೇಹದ ಬಿಸಿಯನ್ನು ಹತೋಟಿಯಲ್ಲಿಡಲು ಇದು ನೆರವಾಗುತ್ತಿತ್ತೆಂದು ಹಿಂದೆ ಹಲವರು ಹೇಳುತ್ತಿದ್ದರು. ಸಂಗಾತಿಯನ್ನು ಸೆಳೆಯಲು, ಎದುರಾಳಿಯನ್ನು ಬೆದರಿಸಲು ಬಳಕೆಯಾಗುತ್ತಿತ್ತೆಂಬ ವಿವರಣೆಗೆ ಈಗ ಹೆಚ್ಚು ಒಲವಿದೆ. ಅದರ ಬಣ್ಣವನ್ನು ಮಾತ್ರ ಯಾವ ಎಲುಬೂ ಹೇಳುವುದಿಲ್ಲ. ಪುಸ್ತಕಗಳಲ್ಲಿ ಕಾಣುವ ಕೆಂಪು, ಹಳದಿ ಪಟ್ಟೆಗಳು ಚಿತ್ರಕಾರರ ಊಹೆ ಎಂಬುದನ್ನು ಮಕ್ಕಳಿಗೆ ತಿಳಿಸಿದರೆ, ತಮ್ಮ ಚಿತ್ರಕ್ಕೆ ತಮಗಿಷ್ಟವಾದ ಬಣ್ಣ ತುಂಬಲು ಅವರಿಗೂ ಧೈರ್ಯ ಬರುತ್ತದೆ.

ಈ ಪ್ರಾಣಿ ನಮಗೆ ತಿಳಿದು ಬಂದ ಬಗೆಯೂ ಮಕ್ಕಳಿಗೆ ಹೇಳಲೇಬೇಕಾದ ಕಥೆ. 1912ರಲ್ಲಿ ಈಜಿಪ್ಟಿನ ಬಹರಿಯಾ ಓಯಸಿಸ್‌ನಲ್ಲಿ ಇದರ ಎಲುಬುಗಳು ದೊರೆತವು. ಜರ್ಮನಿಯ ಪಳೆಯುಳಿಕೆ ತಜ್ಞ ಅರ್ನ್‌ಸ್ಟ್ ಸ್ಟ್ರೋಮರ್ 1915ರಲ್ಲಿ ಅವನ್ನು ವಿವರಿಸಿ, ‘ಸ್ಪೈನೊಸಾರಸ್ ಈಜಿಪ್ಟಿಯಾಕಸ್’ ಎಂದು ಹೆಸರಿಟ್ಟರು. ಎಲುಬುಗಳನ್ನು ಮ್ಯೂನಿಕ್‌ನ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿತ್ತು. ಎರಡನೆಯ ಮಹಾಯುದ್ಧದ ಸಮಯದಲ್ಲಿ, 1944ರ ಏಪ್ರಿಲ್‌ನಲ್ಲಿ ನಡೆದ ಬಾಂಬ್ ದಾಳಿಯಲ್ಲಿ ಅವೆಲ್ಲ ನಾಶವಾದವು. ಕೋಟ್ಯಂತರ ವರ್ಷ ಮಣ್ಣಿನಡಿ ಉಳಿದಿದ್ದ ಎಲುಬುಗಳು ಒಂದೇ ರಾತ್ರಿಯಲ್ಲಿ ಇಲ್ಲವಾದದ್ದನ್ನು ನೆನೆದರೆ ಇಂದಿಗೂ ಮನಸ್ಸಿಗೆ ನೋವಾಗುತ್ತದೆ. ಸ್ಟ್ರೋಮರ್ ಎಲುಬುಗಳನ್ನು ಅಳೆದು, ಒಂದೊಂದನ್ನೂ ವಿವರವಾಗಿ ಬರೆದು, ಚಿತ್ರಗಳನ್ನು ಪ್ರಕಟಿಸಿದ್ದರಿಂದಲೇ ಆ ಪ್ರಾಣಿಯ ನೆನಪು ವಿಜ್ಞಾನಕ್ಕೆ ಉಳಿಯಿತು.

ಮುಂದಿನ ದೊಡ್ಡ ಹೆಜ್ಜೆ ಮೊರಾಕೊದ ಕೆಮ್ ಕೆಮ್ ಪ್ರದೇಶದಿಂದ ಬಂತು. ನಿಜಾರ್ ಇಬ್ರಾಹಿಂ ಮತ್ತು ಸಂಗಡಿಗರು ಅಲ್ಲಿ ಸಿಕ್ಕ ಅಸ್ಥಿಪಂಜರವೊಂದರ ಭಾಗಗಳನ್ನು 2014ರಲ್ಲಿ ವಿವರಿಸಿದರು. ಹಿಂಗಾಲುಗಳು ಇಷ್ಟು ದೊಡ್ಡ ಡೈನೋಸಾರ್‌ಗೆ ನಿರೀಕ್ಷಿಸಿದ್ದಕ್ಕಿಂತ ಬಹಳ ಚಿಕ್ಕದಾಗಿದ್ದವು. ಅವುಗಳ ಎಲುಬಿನ ಒಳಭಾಗ ಟೊಳ್ಳಾಗಿರದೆ ಗಟ್ಟಿಯಾಗಿ ತುಂಬಿಕೊಂಡಿತ್ತು. ಪೆಂಗ್ವಿನ್‌ಗಳಲ್ಲಿಯೂ ಎಲುಬು ಹೀಗೆ ದಟ್ಟವಾಗಿರುತ್ತದೆ; ಆ ತೂಕದಿಂದಾಗಿ ದೇಹ ನೀರಿನ ಮೇಲಕ್ಕೆ ತೇಲಿ ಬರದೆ ಮುಳುಗಿರಲು ಅನುಕೂಲವಾಗುತ್ತದೆ. 2020ರಲ್ಲಿ ಅದೇ ಪ್ರಾಣಿಯ ಬಾಲದ ಎಲುಬುಗಳು ಪ್ರಕಟವಾದಾಗ ಅಚ್ಚರಿ ಇನ್ನೂ ಹೆಚ್ಚಿತು. ಬಾಲ ತುದಿಯ ಕಡೆಗೆ ಬರಿದೆ ಸಣ್ಣದಾಗುತ್ತಾ ಹೋಗಿರಲಿಲ್ಲ, ಮೇಲಕ್ಕೂ ಕೆಳಕ್ಕೂ ಚಾಚಿದ ಕಡ್ಡಿಗಳಿಂದ ದೋಣಿಯ ಹುಟ್ಟಿನಂತೆ ಅಗಲವಾಗಿತ್ತು. ಆ ಬಾಲದ ಆಕಾರದಲ್ಲಿ ಕತ್ತರಿಸಿದ ಮಾದರಿಯನ್ನು ಯಂತ್ರದ ನೆರವಿನಿಂದ ನೀರಿನಲ್ಲಿ ಬೀಸಿ ನೋಡಿದಾಗ, ನೆಲವಾಸಿ ಮಾಂಸಾಹಾರಿ ಡೈನೋಸಾರ್‌ಗಳ ಬಾಲಕ್ಕಿಂತ ಅದು ಹಲವು ಪಟ್ಟು ಹೆಚ್ಚಿನ ನೂಕುಬಲವನ್ನು ಕೊಟ್ಟಿತು.

ಹಾಗಾದರೆ ಅದು ನೀರಿನಡಿ ಮೀನನ್ನು ಬೆನ್ನಟ್ಟುತ್ತಿತ್ತೇ? ಇಲ್ಲಿ ವಿಜ್ಞಾನಿಗಳಲ್ಲಿ ಎರಡು ಮತಗಳಿವೆ. ದಟ್ಟವಾದ ಎಲುಬು ಮತ್ತು ಹುಟ್ಟಿನಂಥ ಬಾಲ ಈಜುಗಾರನ ಗುರುತು ಎಂಬುದು ಒಂದು ಪಕ್ಷ. ಪಾಲ್ ಸೆರೆನೊ ಮತ್ತು ಸಹೋದ್ಯೋಗಿಗಳು 2022ರಲ್ಲಿ ಕಂಪ್ಯೂಟರ್ ಮಾದರಿಯೊಂದನ್ನು ರಚಿಸಿ ಬೇರೆ ಚಿತ್ರವನ್ನು ಮುಂದಿಟ್ಟರು: ಆಳದ ನೀರಿನಲ್ಲಿ ಈ ಪ್ರಾಣಿ ನಿಧಾನವಾಗಿ, ಸಮತೋಲನವಿಲ್ಲದೆ ಈಜುತ್ತಿತ್ತು, ದಡದ ಬಳಿ ಆಳವಿಲ್ಲದ ನೀರಿನಲ್ಲಿ ನಿಂತು, ಕೊಕ್ಕರೆಗಳು ಮಾಡುವಂತೆ ಕಾದು ಮೀನು ಹಿಡಿಯುತ್ತಿತ್ತು. ನೀರು ಅದರ ಬದುಕಿಗೆ ಅನಿವಾರ್ಯವಾಗಿತ್ತು ಎಂಬುದನ್ನು ಇಬ್ಬರೂ ಒಪ್ಪುತ್ತಾರೆ. ಎಷ್ಟು ಆಳಕ್ಕೆ ಇಳಿಯುತ್ತಿತ್ತು ಎಂಬುದರಲ್ಲಿ ಭೇದವಿದೆ. ಈ ಭಿನ್ನಾಭಿಪ್ರಾಯವನ್ನು ಮಕ್ಕಳಿಂದ ಮರೆಮಾಚುವ ಅಗತ್ಯವಿಲ್ಲ. ಎಂಟು-ಹತ್ತು ವರ್ಷದ ಮಗು ಎರಡೂ ಪಕ್ಷದ ಕಾರಣಗಳನ್ನು ಕೇಳಿ, ತನ್ನ ಒಲವು ಯಾವುದರ ಕಡೆಗೆ ಎಂದು ಹೇಳಬಲ್ಲದು.

ಟಿರಾನೊಸಾರಸ್ ಜೊತೆ ಕಾದಾಡಿದ್ದರೆ ಯಾರು ಗೆಲ್ಲುತ್ತಿದ್ದರು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಟಿರಾನೊಸಾರಸ್ ಬದುಕಿದ್ದು ಉತ್ತರ ಅಮೆರಿಕದಲ್ಲಿ, ಅದೂ ಸುಮಾರು 6.8 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದೆ. ಇವೆರಡರ ನಡುವೆ ಎರಡೂವರೆ ಕೋಟಿ ವರ್ಷಗಳಿಗೂ ಹೆಚ್ಚಿನ ಅಂತರವಿದೆ, ಆದ್ದರಿಂದ ಅವು ಎದುರಾಗುವ ಸಂಭವವೇ ಇರಲಿಲ್ಲ. ಸ್ಪೈನೊಸಾರಸ್‌ನ ನಿಜವಾದ ನೆರೆಯವನು ಕಾರ್ಕರೊಡಾಂಟೊಸಾರಸ್ ಎಂಬ ಇನ್ನೊಂದು ಭಾರಿ ಮಾಂಸಾಹಾರಿ. ಅದರ ಹಲ್ಲಿನ ಅಂಚು ಗರಗಸದಂತಿತ್ತು, ಅದು ನೆಲದ ಮೇಲಿನ ಪ್ರಾಣಿಗಳನ್ನು ಬೇಟೆಯಾಡುತ್ತಿತ್ತು. ಇಷ್ಟು ದೊಡ್ಡ ಎರಡು ಬೇಟೆಗಾರರು ಒಂದೇ ನಾಡಿನಲ್ಲಿ ಹೇಗೆ ಬದುಕಿದರು ಎಂದು ಮಗು ಮತ್ತೆ ಕೇಳಿದರೆ, ಎರಡರ ಹಲ್ಲುಗಳ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸಬಹುದು: ಒಂದಕ್ಕೆ ನದಿ, ಇನ್ನೊಂದಕ್ಕೆ ಬಯಲು.