ಗ್ರೇಸನ್ ಹೈಲ್ಯಾಂಡ್ಸ್ ಕುದುರೆಗಳಿಗೆ ಕ್ಯಾರೆಟ್ ತಿನ್ನಿಸಬಹುದಾ?

ಪ್ರಶ್ನೆ: ನಾವು ಅಮೆರಿಕದ ಷಾರ್ಲೆಟ್‌ನಲ್ಲಿದ್ದೇವೆ. ಜೂನ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ವರ್ಜೀನಿಯಾದ ಗ್ರೇಸನ್ ಹೈಲ್ಯಾಂಡ್ಸ್ ಎಂಬ ಬೆಟ್ಟದ ಪಾರ್ಕ್‌ಗೆ ಕಾಡು ಪೋನಿಗಳನ್ನು (ಗಿಡ್ಡ ಕುದುರೆಗಳನ್ನು) ನೋಡಲು ಹೋಗುತ್ತಿದ್ದೇವೆ. ತುಂಬಾ ಸಾಧು, ಹತ್ತಿರಕ್ಕೇ ಬರುತ್ತವೆ ಅಂತ ಹೋಗಿಬಂದವರು ಹೇಳಿದರು. ಮಕ್ಕಳ ಕೈಯಿಂದ ಕ್ಯಾರೆಟ್ ತಿನ್ನಿಸಬಹುದಾ?

ಉತ್ತರ: ಬೇಡ. ತಿನ್ನಿಸುವುದೂ ಬೇಡ, ಮುಟ್ಟುವುದೂ ಬೇಡ. ಎರಡಕ್ಕೂ ಅಲ್ಲಿ ನಿಷೇಧವಿದೆ. ಆದರೂ ನಮ್ಮವರು ಇದನ್ನು ಮತ್ತೆ ಮತ್ತೆ ಕೇಳುತ್ತಾರೆ. ಬಾಗಿಲಿಗೆ ಬಂದ ಹಸುವಿಗೆ ಬಾಳೆಹಣ್ಣು ಕೊಟ್ಟು ಬೆಳೆದವರಲ್ವಾ ನಾವು? ಪ್ರಾಣಿ ಎದುರಿಗೆ ನಿಂತಿರುವಾಗ ಸುಮ್ನೆ ನೋಡಿಕೊಂಡು ಬರುವುದು ಕಷ್ಟವೇ.

ಆದರೆ ಕುದುರೆಯ ಹೊಟ್ಟೆ ಹಸುವಿನ ಹೊಟ್ಟೆಯಂತಲ್ಲ. ಅದು ಮೆಲುಕು ಹಾಕುವುದಿಲ್ಲ. ವಾಂತಿ ಮಾಡಲೂ ಅದಕ್ಕೆ ಆಗುವುದಿಲ್ಲ. ಒಗ್ಗದ್ದು ಒಳಗೆ ಹೋದರೆ ಹೊಟ್ಟೆನೋವಿನಲ್ಲೇ ಪ್ರಾಣ ಹೋಗಬಹುದು. ಒಂದು ಕ್ಯಾರೆಟ್‌ನಿಂದ ಏನಾಗುತ್ತೆ ಅಂತೀರಾ? ನಿಮ್ಮದು ಒಂದೇ, ಸರಿ. ಹಿಂದೆ ಬರುವವರು ಬ್ರೆಡ್ ಕೊಡುತ್ತಾರೆ, ಅವರ ಹಿಂದಿನವರು ಚಿಪ್ಸ್.

ಅದಕ್ಕಿಂತ ಮುಖ್ಯವಾದ ಮಾತು, ಅವುಗಳನ್ನು ಅಲ್ಲಿಗೆ ತಂದಿದ್ದೇ ಮೇಯಲು. ನೂರು ವರ್ಷದ ಹಿಂದೆ ಆ ಬೆಟ್ಟಗಳ ಮರಗಳನ್ನೆಲ್ಲ ಕಡಿದು ಸಾಗಿಸಿದ್ದರು. ಬೋಳಾದ ಜಾಗದಲ್ಲಿ ದನ ಮೇಯಿಸುತ್ತಿದ್ದರು. ಮೇಯುವುದು ನಿಂತಾಗ ಮುಳ್ಳುಪೊದೆ, ಗಿಡಗಂಟಿ ಏಳತೊಡಗಿತು. ಬಯಲು ಬಯಲಾಗಿಯೇ ಉಳಿಯಲಿ ಅಂತ ಅರಣ್ಯ ಇಲಾಖೆಯವರು 1970ರ ದಶಕದ ಮಧ್ಯದಲ್ಲಿ ಈ ಗಿಡ್ಡ ಕುದುರೆಗಳನ್ನು ತಂದು ಬಿಟ್ಟರು. ಈಗ ಸುಮಾರು ನೂರು ಇವೆ. ಕೂತಲ್ಲಿಗೇ ತಿಂಡಿ ಬಂದರೆ ಅವು ದಾರಿ ಬಿಟ್ಟು ಪೊದೆ ಹುಡುಕಿಕೊಂಡು ಯಾಕೆ ಹೋಗುತ್ತವೆ?

ಹಾಗೆ ನೋಡಿದರೆ 'ಕಾಡು' ಅನ್ನುವುದು ಅರ್ಧ ನಿಜ. ವಿಲ್ಬರ್ನ್ ರಿಡ್ಜ್ ಪೋನಿ ಅಸೋಸಿಯೇಷನ್ ಎಂಬ ಸ್ಥಳೀಯ ಸಂಘ ಅವುಗಳ ಆರೋಗ್ಯ ನೋಡಿಕೊಳ್ಳುತ್ತದೆ. ಸಂಖ್ಯೆ ಮಿತಿ ಮೀರದಿರಲಿ ಅಂತ ಸೆಪ್ಟೆಂಬರ್ ಕೊನೆಯ ಜಾತ್ರೆಯಲ್ಲಿ ಕೆಲವು ಮರಿಗಳನ್ನು ಹರಾಜು ಹಾಕುತ್ತಾರೆ. ಆದರೆ ಹಿಮ ಬೀಳಲಿ, ಗಾಳಿ ಬೀಸಲಿ, ಅವು ಇರುವುದು ಬೆಟ್ಟದ ಮೇಲೇ.

ಸಾಧು ಅನ್ನುವ ಮಾತನ್ನು ನಾನೂ ನಂಬಿದ್ದೆ. ಬಂಡೆ ಮೇಲೆ ಕೂತು ಮಗ ಚಕ್ಕುಲಿ ಡಬ್ಬಿಯ ಮುಚ್ಚಳ ತೆಗೆದ ಅಷ್ಟೇ. ಇಪ್ಪತ್ತು ಹೆಜ್ಜೆ ದೂರದಲ್ಲಿ ಮೇಯುತ್ತಿದ್ದ ಕಂದು ಬಣ್ಣದ್ದೊಂದು ತಲೆ ಎತ್ತಿತು. ಹಣೆಯ ಕೂದಲು ಎರಡೂ ಕಣ್ಣು ಮುಚ್ಚುವಷ್ಟು ಇಳಿಬಿದ್ದಿತ್ತು. ಅದಕ್ಕೆ ಏನು ಕಾಣಿಸಿತೋ, ನೇರ ನಮ್ಮ ಹತ್ತಿರ ಬಂದು ಬ್ಯಾಗಿನ ಪಟ್ಟಿ ಬಾಯಿಗೆ ಹಾಕಿಕೊಂಡು ಎಳೆಯಿತು. ಬೆವರಿನ ಉಪ್ಪು ಅಂದರೆ ಅವಕ್ಕೆ ಪ್ರಾಣ. ನಾವು ಡಬ್ಬಿ ಮುಚ್ಚಿ ಹಿಂದೆ ಸರಿದ ಮೇಲೂ ಅದು ಪಟ್ಟಿಯನ್ನು ಬಿಡಲು ಸ್ವಲ್ಪ ಹೊತ್ತು ಹಿಡಿಯಿತು. ಆ ಜಾಗದಲ್ಲಿ ಮಗುವಿನ ಬೆರಳು ಇದ್ದಿದ್ದರೆ? ಅವು ಕಚ್ಚುತ್ತವೆ, ಒದೆಯುತ್ತವೆ. ಜೂನ್‌ನಲ್ಲಿ ಜೊತೆಗೆ ಮರಿಗಳೂ ಇರುತ್ತವೆ. ತಾಯಿಗೂ ಮರಿಗೂ ನಡುವೆ ನುಗ್ಗಬೇಡಿ. ಹತ್ತಿರ ಬಂದರೆ ನೀವೇ ದೂರ ಸರಿಯಿರಿ.

ನೋಡಲು ಜಾಸ್ತಿ ನಡೆಯಬೇಕಿಲ್ಲ. ಮ್ಯಾಸಿ ಗ್ಯಾಪ್‌ನಲ್ಲಿ ಕಾರು ನಿಲ್ಲಿಸಿ, ಬೇಲಿಯ ಗೇಟ್ ದಾಟಿ (ದಾಟಿದ ಮೇಲೆ ಮುಚ್ಚಿ), ರೋಡೋಡೆಂಡ್ರಾನ್ ಟ್ರೇಲ್ ಹಿಡಿದು ಅಪಲೇಚಿಯನ್ ಟ್ರೇಲ್ ಎಂಬ ಉದ್ದದ ಕಾಲುದಾರಿಯ ಕಡೆಗೆ ಹತ್ತಿ. ಎಷ್ಟೋ ಸಲ ಮೊದಲ ಒಂದೆರಡು ಕಿಲೋಮೀಟರ್‌ನಲ್ಲೇ ಸಿಗುತ್ತವೆ. ಮಂಜು ಮುಸುಕಿದ ದಿನ ಕಾಣದೆಯೂ ಇರಬಹುದು, ಮಕ್ಕಳಿಗೆ ಮೊದಲೇ ಹೇಳಿಡಿ. ಜೂನ್ ನಡುವೆ ಹೋದರೆ ರೋಡೋಡೆಂಡ್ರಾನ್ ಗಿಡಗಳ ಗುಲಾಬಿ-ನೇರಳೆ ಬಣ್ಣದ ಹೂವೂ ನೋಡಲು ಸಿಗುತ್ತದೆ. ಬೇಸಿಗೆಯಾದರೂ ಸ್ವೆಟರ್ ಇರಲಿ.

ಮೌಂಟ್ ರಾಜರ್ಸ್ ತುದಿಗೂ ಹೋಗೋಣವೇ ಅಂತ ಮನೆಯಲ್ಲಿ ಯಾರಾದರೂ ಅಂದರೆ ತಡೆಯಿರಿ. 1,746 ಮೀಟರ್, ವರ್ಜೀನಿಯಾದಲ್ಲೇ ಎತ್ತರದ ಬೆಟ್ಟ, ನಿಜ. ನಮ್ಮ ಮುಳ್ಳಯ್ಯನಗಿರಿಗಿಂತ ತಗ್ಗು, ಅದೂ ನಿಜ. ಆದರೆ ಹೋಗಿಬರಲು 14 ಕಿಲೋಮೀಟರ್ ಆಗುತ್ತದೆ, ತುದಿಯಲ್ಲಿ ಬರೀ ಮರ, ಏನೂ ಕಾಣುವುದಿಲ್ಲ.

ಕ್ಯಾರೆಟ್ ಬೇಕಾದರೆ ತೆಗೆದುಕೊಂಡು ಹೋಗಿ, ಕಾರಿನಲ್ಲೇ ಇರಲಿ. ಇಳಿದು ಬರುವ ಹೊತ್ತಿಗೆ ಮಕ್ಕಳಿಗೇ ಹಸಿವಾಗಿರುತ್ತದೆ.